ಎಡಕ್ಕೆ ತಿರುಗುವಾಗ

ಹೊಸದುರ್ಗದಿಂದ ಹಿರಿಯೂರಿಗೆ ಹೋಗುವ ದಾರಿಯಲ್ಲಿ ಎಷ್ಟು ತಿರುವುಗಳಿವೆಯೆಂದು ನಾನು ಯಾವತ್ತೂ ಎಣಿಸಿಲ್ಲ. ಎಡಕ್ಕೆ ತಿರುಗುವವು ಮಾತ್ರ ನನ್ನ ಮೈಗೆ ಗೊತ್ತು. ರಸ್ತೆ ಎಡಕ್ಕೆ ಹೊರಳಿದಾಗಲೆಲ್ಲ ನಮ್ಮ ಹಳೆಯ ಕಾರು ಬಲಕ್ಕೆ ವಾಲುತ್ತಿತ್ತು. ಪಕ್ಕದ ಸೀಟಿನಲ್ಲಿ ಅರೆನಿದ್ದೆಯಲ್ಲಿರುತ್ತಿದ್ದ ನಾನು ಮೆಲ್ಲಗೆ ಜರುಗುತ್ತಿದ್ದೆ. ನನ್ನ ತಲೆ ಕಾರು ಓಡಿಸುತ್ತಿದ್ದ ನನ್ನ ಗಂಡನ ಭುಜಕ್ಕೆ ತಾಗುತ್ತಿತ್ತು. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅವು ಈ ಕಿಟಕಿಯಿಂದ ಆ ಕಿಟಕಿಗೆ ಹೋಗಿರುತ್ತಿದ್ದವು. ಗುಡ್ಡವೇ ನಡೆಯುತ್ತಿದೆ, ನಾವು ನಿಂತಿದ್ದೇವೆ ಅನ್ನಿಸುತ್ತಿತ್ತು.

“ಲೇ, ನೆಟ್ಟಗೆ ಕುಂತ್ಕಳೇ. ಸ್ಟೇರಿಂಗ್ ಹಿಡಿಯಾಕೂ ಬಿಡಲ್ಲ ನೀನು.”

“ನಾನೆಲ್ಲಿ ಬಿದ್ದೆ? ನಿಮ್ ಗಾಡಿ ಬೀಳಿಸ್ತೈತೆ.”

“ಇರು, ಹಿಂದಕ್ಕೊಂದು ಬಾರ್ ಹಾಕಿಸ್ತೀನಿ. ಆಮೇಲೆ ನೀನು ಆ ಕಡೆ, ನಾನು ಈ ಕಡೆ.”

ಅವರು ಶಾಲೆಯೊಂದರಲ್ಲಿ ಗುಮಾಸ್ತರು. ಕಾರಿನ ವಿಷಯವನ್ನೆಲ್ಲ ಮೊಬೈಲಿನಲ್ಲಿ ನೋಡಿ ಕಲಿತವರು. ಸ್ವೇ ಬಾರ್ ಎಂದರೆ ಹಿಂದಿನ ಎರಡು ಗಾಲಿಗಳ ನಡುವೆ ಹಾಕುವ ಒಂದು ಕಬ್ಬಿಣದ ಸರಳು. ಅದಿದ್ದರೆ ತಿರುವಿನಲ್ಲಿ ಕಾರು ಅಷ್ಟು ವಾಲುವುದಿಲ್ಲ, ಮೂತಿ ತಿರುವಿನಿಂದ ಹೊರಗೆ ಹೋಗದೆ ತಿರುಗಿಸಿದ ಕಡೆಗೆ ತಿರುಗುತ್ತದೆ ಎನ್ನುತ್ತಿದ್ದರು. ನಮ್ಮ ಕಾರಿನಲ್ಲಿ ಎಳೆಯುವುದೂ ಮುಂದಿನ ಗಾಲಿಗಳೇ, ತಿರುಗುವುದೂ ಮುಂದಿನವೇ. ಹಿಂದಿನವು ಸುಮ್ಮನೆ ಬರುತ್ತವೆ. ಹಾಗಾದರೆ ತೊಂದರೆ ಮುಂದಿರುವಾಗ ಸರಳು ಹಿಂದೇಕೆ ಎಂದು ಕೇಳಿದ್ದೆ. ಧರ್ಮಪುರದ ಕಡೆ ಕುರಿಗಳ ನಡುವೆ ಬೆಳೆದವರು ಅವರು. “ಹಿಂಡು ತಿರುಗಿಸಬೇಕಾದ್ರೆ ಮುಂದಿನ ಕುರಿ ಕಿವಿ ಹಿಡಿದು ಎಳೀತಾರಾ? ಹಿಂದಿನವನ್ನ ಒತ್ತಬೇಕು” ಅಂದರು. ನನಗೆ ಅಷ್ಟೇ ಅರ್ಥವಾದದ್ದು. ಅದನ್ನು ಹಾಕಿಸುವ ಹಟ ಅವರಿಗೆ ಬಂದದ್ದು ನನ್ನಿಂದ. ಆ ದಾರಿಯಲ್ಲಿ ನನಗೆ ಪ್ರತಿ ಸಲವೂ ಹೊಟ್ಟೆ ತೊಳಸುತ್ತಿತ್ತು. ವಾಣಿವಿಲಾಸಪುರ ಬರುವ ಹೊತ್ತಿಗೆ ಒಮ್ಮೆಯಾದರೂ ಇಳಿದು ವಾಂತಿ ಮಾಡಿಕೊಳ್ಳುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲ. ಒಂಬತ್ತನೇ ದಿನ ಉದ್ದನೆಯ ಪಾರ್ಸಲ್ ಬಂತು. ತಂದವನು ಅವರ ಹೆಸರು ಕೂಗಿದ. ನಾನು ಸಹಿ ಹಾಕಿದೆ.

ಹನ್ನೊಂದನೇ ದಿನದ ಕಾರ್ಯಕ್ಕೆ ಬಂದ ಅವರ ಅಕ್ಕ ಮನೆಯ ಹಿಂದೆ ಎರಡು ಸುತ್ತು ಹಾಕಿದರು. ಬಟ್ಟೆ ಒಗೆಯುವ ಕಲ್ಲನ್ನೂ ನುಗ್ಗೆಮರವನ್ನೂ ನೋಡಿ ಒಳಗೆ ಬಂದರು.

“ಎಲ್ಲೈತಮ್ಮ ಅದು?”

“ಏನಕ್ಕ?”

“ಬಾರು. ಹಿಂದಕ್ಕೊಂದು ಬಾರ್ ಹಾಕಿಸ್ತೀನಿ ಕಣಕ್ಕ, ದುಡ್ಡೂ ಕಟ್ಟಿದೀನಿ ಅಂದಿದ್ದ ಫೋನಾಗೆ. ನಮ್ಮ ವಂಶದಾಗೆ ಯಾರೂ ಹೆಂಡ ಮಾರಿಲ್ಲ. ಅವನು ಹೋದ, ಸರಿ. ನೀನು ಮಾತ್ರ ನಡೆಸಬ್ಯಾಡ ಕಣವ್ವ, ನಿನ್ ಕಾಲಿಗ್ ಬೀಳ್ತೀನಿ.”

ನಾನು ಎದ್ದೆ. ಒಳಗಿಂದ ಪಾರ್ಸಲ್ ತಂದು ಅವರ ಮುಂದೆಯೇ ಬಿಚ್ಚಿದೆ. ಎರಡೂ ತುದಿ ಬಾಗಿದ ಕಪ್ಪು ಸರಳು. ಅಕ್ಕ ಅದನ್ನು ಎತ್ತಿ, ಹೊರಳಿಸಿ, ಬಗ್ಗಿ ನೋಡಿದರು.

“ಇದಾ ಬಾರು? ಇದರಾಗೆ ಯಾವನು ಕುಂತ್ಕಂಡು ಕುಡೀತಾನೆ?”

ನಾನು ನಕ್ಕುಬಿಟ್ಟೆ. ಊಟಕ್ಕೆ ಕುಳಿತಿದ್ದವರೆಲ್ಲ ತಿರುಗಿ ನೋಡಿದರು. ಸೆರಗು ಬಾಯಿಗಿಟ್ಟುಕೊಂಡರೂ ನಿಲ್ಲಲಿಲ್ಲ. ಅಕ್ಕನೂ ನಕ್ಕರು. ನಗು ಯಾವಾಗ ಅಳುವಾಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ. ಅದು ಏನಕ್ಕೆಂದು ಹೇಳಿದ ಮೇಲೆ ಅವರು, “ನಿನಗೋಸ್ಕರ ತರಿಸವ್ನೆ. ಹಾಕಿಸ್ಕಳವ್ವ” ಅಂದರು.

ನಾನು ಹಾಕಿಸಲಿಲ್ಲ. ಸರಳು ಮಂಚದ ಕೆಳಗೆ ಸೇರಿತು. ಅವರು ಇದ್ದಾಗ ಕಲಿಸಿದ್ದಷ್ಟರಲ್ಲೇ ನಾನು ಕಾರು ತೆಗೆದು ಸಂತೆಗೆ, ಬಟ್ಟೆ ತರಲು ಹೊಳಲ್ಕೆರೆಗೆ ಹೋಗಿಬರುತ್ತಿದ್ದೆ. ನಾನು ಹೊಲಿಗೆಯವಳು. ತಿರುವಿನಲ್ಲಿ ಕಾರು ವಾಲಿದಾಗ ಪಕ್ಕದ ಖಾಲಿ ಸೀಟಿನ ಮೇಲಿನ ಬಟ್ಟೆಯ ಗಂಟು ಜರುಗಿ ನನ್ನ ಮೊಣಕೈಗೆ ತಾಗುತ್ತಿತ್ತು. ನಾನು ಅದನ್ನು ಹಿಂದಕ್ಕೆ ತಳ್ಳುತ್ತಿರಲಿಲ್ಲ. ಅವರು ತರಿಸಿದ್ದನ್ನು ಹಾಕಿಸಿದರೆ ಆ ವಾಲಾಟ ಹೋಗುತ್ತದೆ. ಅದು ಹೋದರೆ ಅವರ ಪಕ್ಕ ಕುಳಿತ ಆ ಮಧ್ಯಾಹ್ನಗಳಿಗೆ ಹೋಗುವ ದಾರಿಯೇ ಮುಚ್ಚುತ್ತದೆ ಎಂದು ಹೆದರಿದ್ದೆ. ಹಾಕಿಸದಿದ್ದರೆ ಅವರ ಕೊನೆಯ ಕೊಡುಗೆ ಮಂಚದಡಿ ತುಕ್ಕು ಹಿಡಿಯುತ್ತದೆ.

ವಾರಕ್ಕೊಮ್ಮೆ ಅಕ್ಕನ ಫೋನು. “ಬಾರ್ ಹಾಕಿಸಿದ್ಯಾ ಇಲ್ವಾ?” ಅವರ ದನಿ ಫೋನಿನಿಂದ ಹೊರಗೂ ಕೇಳುತ್ತದೆ. ರವಿಕೆಯ ಅಳತೆ ಕೊಡಲು ಬಂದ ಹೆಂಗಸರು ನನ್ನನ್ನೇ ನೋಡುತ್ತಿದ್ದರು.

ಈ ವರ್ಷ ಮಳೆ ಹಿಡಿಯುವ ಮೊದಲು ಕಾರನ್ನು ಸರ್ವೀಸಿಗೆ ಚಿತ್ರದುರ್ಗಕ್ಕೆ ಒಯ್ಯಬೇಕಾಯಿತು. ಹೊರಡುವಾಗ, ಯಾಕೋ, ಸರಳನ್ನೂ ಹಿಂದಿನ ಸೀಟಿನ ಮೇಲೆ ಮಲಗಿಸಿದೆ. ಮೆಕ್ಯಾನಿಕ್ ನನ್ನ ಗಂಡನ ಹಳೆಯ ಗೆಳೆಯ. ಸರಳನ್ನು ಕೈಗೆತ್ತಿಕೊಂಡು ಬಾಗಿದ ತುದಿಗಳನ್ನು ಸವರಿದರು. “ಹಾಕಿ ನೋಡಾಣಮ್ಮ. ಬ್ಯಾಡ ಅನ್ಸಿದ್ರೆ ಬಿಚ್ಚಿಬಿಡ್ತೀನಿ. ನಾಕು ಬೋಲ್ಟು ಅಷ್ಟೇಯ.”

ಹಾಕಿದ ಮೇಲೆ ಹೊಳಲ್ಕೆರೆ ದಾರಿಯಲ್ಲಿ ಮೆಕ್ಯಾನಿಕ್ಕೇ ಓಡಿಸಿದರು. ಎಷ್ಟೋ ತಿಂಗಳ ನಂತರ ನಾನು ಎಡಗಡೆಯ ಸೀಟಿನಲ್ಲಿದ್ದೆ. ಬಿಸಿಲು ಏರಿತ್ತು. ರಸ್ತೆ ನೀರಿನ ಹಾಗೆ ಹೊಳೆಯುತ್ತಿತ್ತು, ಹತ್ತಿರ ಹೋದರೆ ಆ ನೀರು ಇರುತ್ತಿರಲಿಲ್ಲ. ಎಡ ತಿರುವು ಕಂಡಿತು. ನಾನು ಬಾಗಿಲ ಮೇಲಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡೆ. ಪರರ ಭುಜಕ್ಕೆ ತಲೆ ತಾಗೀತು ಎಂದು ಹೆದರಿಕೆ. ಆಗ ತಟ್ಟನೆ ಹೊಳೆಯಿತು. ವಾಲುತ್ತಿದ್ದುದು ಕಾರು. ಓಡಿಸುವ ಸೀಟಿನಲ್ಲಿ ಯಾರು ಕುಳಿತರೂ ಅದು ನನ್ನನ್ನು ಅವರ ಕಡೆಗೇ ಬೀಳಿಸುತ್ತಿತ್ತು. ನೆಟ್ಟಗೆ ಕುಂತ್ಕಳೇ ಎಂದು ಬೈಯುತ್ತಲೇ, ನಾನು ಒರಗಿದ ಮೇಲೆ ಕಾರಿನ ವೇಗ ಇಳಿಸುತ್ತಿದ್ದವರು ಮಾತ್ರ ನನ್ನ ಗಂಡ.

ಕಾರು ತಿರುಗಿತು. ನಾನು ಜರುಗಲಿಲ್ಲ. ಹೊಟ್ಟೆಯೂ ತೊಳಸಲಿಲ್ಲ.

ವಾಪಸು ಬಂದು ನಿಲ್ಲಿಸಿ ಮೆಕ್ಯಾನಿಕ್, “ಹೆಂಗಮ್ಮ? ಬಿಚ್ಚಲಾ?” ಅಂತ ಕೇಳಿದರು.

“ಬ್ಯಾಡಣ್ಣ, ಇರ್ಲಿ.”

“ಹಂಗಾದ್ರೆ ಇನ್ನೊಂದ್ ಸಲ ಬಿಗಿ ಮಾಡ್ತೀನಿ, ಗಾಡಿ ಮ್ಯಾಲೆ ಭಾರ ಇರ್ಲಿ, ಇಳೀಬ್ಯಾಡ್ರಿ. ಮಳೇಲಿ ಮಾತ್ರ ನಿಧಾನಕ್ಕೆ ಹೋಗ್ರಿ, ಹಿಂದಿನ ಗಾಲಿ ಜಾರ್ತವೆ.”

ಅವರು ಕಾರಿನಡಿಗೆ ಸರಿದರು. ಕೆಳಗೆ ಸ್ಪ್ಯಾನರ್ ಕಿರ್ರೆನ್ನುತ್ತಿತ್ತು. ನಾನು ಬಲಗಡೆಯ ಸೀಟಿಗೆ ದಾಟಿ ಕುಳಿತೆ. ಅದು ಇನ್ನೂ ನನ್ನ ಗಂಡನ ಉದ್ದ ಕಾಲುಗಳ ಅಳತೆಯಲ್ಲೇ ಹಿಂದಿತ್ತು. ಇಷ್ಟು ದಿನ ಬೆನ್ನಿಗೆ ದಿಂಬು ಇಟ್ಟುಕೊಂಡು ಓಡಿಸುತ್ತಿದ್ದೆ. ಸೀಟಿನಡಿಯ ಹಿಡಿ ಎತ್ತಿ, ನನ್ನ ಕಾಲಿಗೆ ಪೆಡಲ್ ಸಿಗುವವರೆಗೆ ಮುಂದಕ್ಕೆ ಎಳೆದುಕೊಂಡೆ.