ಬೇವಿನ ಗಿಡದ ಕಾವಲು

ತುಬಚಿಯ ಯಲ್ಲಕ್ಕ ಮುಗಿಲು ನೋಡುತ್ತ ಕೂಡುತ್ತಾಳೆಂದು ಅವಳ ಗಂಡ ಗುರಪ್ಪ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅವಳು ಕೂತದ್ದನ್ನು ಕಂಡವರು ಕಡಿಮೆ. ನಸುಕಿನಲ್ಲಿ ಬೀಸುಕಲ್ಲು, ಬೆಳಕು ಹರಿಯುವಾಗ ಕೃಷ್ಣೆಯಿಂದ ನೀರು, ಸೆಗಣಿ, ರೊಟ್ಟಿ, ಆಮೇಲೆ ಹೊಲ. ಇವುಗಳ ನಡುವೆ ಕತ್ತೆತ್ತಿದಷ್ಟು ಹೊತ್ತೇ ಅವಳ ಪಾಲಿನ ಮುಗಿಲು. ಅಷ್ಟರಲ್ಲೇ ಅವಳು ಬಹಳ ಕಲಿತಿದ್ದಳು. ಬೆಕ್ಕು ಬಂದರೆ ಗೊರವಂಕ ಹೇಗೆ ಕೂಗುತ್ತದೆ, ಹದ್ದು ಬಂದರೆ ಹೇಗೆ ಕೂಗುತ್ತದೆ ಎಂಬುದು ಒಲೆಯ ಮುಂದಿದ್ದರೂ ಅವಳಿಗೆ ತಿಳಿಯುತ್ತಿತ್ತು.

ಜಮಖಂಡಿ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ಎರಡು ವರ್ಷವಾಗಿತ್ತು. ಆ ಯುಗಾದಿಯ ಹೊತ್ತಿಗೆ ಬೀಳಗಿಗೆ ಕೊಟ್ಟ ಮಗಳು ಅನಸವ್ವ ಆರು ತಿಂಗಳ ಬಸುರಿ. ಯಲ್ಲಕ್ಕ ಹೆತ್ತ ನಾಲ್ಕರಲ್ಲಿ ಉಳಿದದ್ದು ಅವಳೊಬ್ಬಳೇ. ನಾಲ್ಕು ಬಾಣಂತನದಲ್ಲೂ ಯಲ್ಲಕ್ಕನ ಹೆಸರಿನಲ್ಲಿ ಕೋಳಿ ಕೊಯ್ದಿದ್ದರು. ಕೂಸು ನೋಡಲು ಬಂದ ಗಂಡಸರು ಉಂಡೆದ್ದ ಮೇಲೆ ಅವಳ ತಟ್ಟೆಗೆ ಬಂದದ್ದು ಕಾಲು, ಕುತ್ತಿಗೆ, ನೀರು ಬೆರೆಸಿದ ಸಾರು. ಮೂರು ಕೂಸುಗಳು ಹಾಲಿಲ್ಲದೆ ಅತ್ತು ಅತ್ತು ಸುಮ್ಮನಾಗಿದ್ದವು. ಮಗಳು ಬಾಣಂತಿಯಾದಾಗ ಮೂರು ದಿನಕ್ಕೊಮ್ಮೆಯಾದರೂ ಅವಳೊಬ್ಬಳಿಗೇ ಸಾರು ಕಾಯಿಸಬೇಕೆಂದು ಯಲ್ಲಕ್ಕ ಹದಿಮೂರು ಮೊಟ್ಟೆ ಆರಿಸಿ ಕೋಳಿಯನ್ನು ಕಾವಿಗೆ ಕೂಡಿಸಿದಳು. ಹನ್ನೆರಡು ಮರಿಯಾದವು.

ಗಡಿಗೆಯಲ್ಲಿ ಸೆಗಣಿ, ಕಸ ತುಂಬಿ ಸಂಜೆ ಹಿತ್ತಲಲ್ಲಿ ಬೋರಲು ಹಾಕುವಳು. ಬೆಳಿಗ್ಗೆ ಎತ್ತಿದರೆ ಒಳಗೆಲ್ಲ ಗೆದ್ದಲು. ಮರಿಗಳು ಮುಗಿಬಿದ್ದು ತಿನ್ನುವಾಗ, ಎದ್ದ ಹುಳುಗಳನ್ನು ಹಾರಿ ಹಿಡಿಯಲು ಬೇವಿನ ಗಿಡದಿಂದ ಎರಡು ಹಕ್ಕಿಗಳು ಇಳಿಯುತ್ತಿದ್ದವು. ಮೈಯೆಲ್ಲ ಕರಿ, ಸೀಳಿದ ಬಾಲ. ಓದಿದವರು ಅದನ್ನು ಕಾಜಾಣ ಎನ್ನುತ್ತಾರೆ. ಯಲ್ಲಕ್ಕ ಕರೆಯುತ್ತಿದ್ದುದು ಕರ್ಯಾ ಎಂದು. ನದಿಯ ಕಡೆಯ ಟೊಂಗೆಯ ಕವಲಿನಲ್ಲಿ ಅವು ಬಟ್ಟಲಿನಂಥ ಗೂಡು ಕಟ್ಟಿದ್ದವು. ಹದ್ದು ಹಿತ್ತಲ ಮೇಲೆ ಒಂದು ಸುತ್ತು ಬಂದರೆ ಸಾಕು, ಅದರ ಕಾಲು ಭಾಗವೂ ಇಲ್ಲದ ಆ ಹಕ್ಕಿಗಳು ಬೆನ್ನ ಮೇಲೆ ಎರಗಿ ಕುಕ್ಕಿ ನದಿ ದಾಟಿಸಿ ಬರುತ್ತಿದ್ದವು. ಎರಡು ವಾರವಾದರೂ ಒಂದು ಮರಿಯೂ ಹೋಗಲಿಲ್ಲ. ಯಲ್ಲಕ್ಕ ನಿಶ್ಚಿಂತೆಯಿಂದ ಹೊಲಕ್ಕೆ ಹೋಗಿ ಬರುತ್ತಿದ್ದಳು.

ಏಳನೆಯ ತಿಂಗಳಿಗೆ ಕುಬಸ ಗೊತ್ತಾಯಿತು. ಬೀಗರು ಮಗಳನ್ನು ಕರೆತಂದು ಸೀಮಂತ ಮುಗಿಸಿ ಬಿಟ್ಟುಹೋಗುವವರು. ಗುರಪ್ಪ ಹಂದರ ಹಾಕಲು ಕೊಡಲಿ ತಂದ. ಜೊತೆಗೆ ಪಕ್ಕದ ಮನೆಯ ಚನಮಲ್ಲಪ್ಪ. ಯಲ್ಲಕ್ಕ ಕೊಡ ಇಳಿಸದೆ ನಿಂತೇ ಕೇಳಿದಳು.

"ಹೊಳಿ ಕಡಿ ಟೊಂಗಿ ಒಂದ ಬಿಡ್ರಿ. ಕರ್ಯಾನ ಗೂಡು ಐತಿ. ಅದು ಇರೂತನಕ ಹದ್ದು ಬರೂದಿಲ್ಲ."

"ಬೀಗರನ್ನ ಬಿಸಲಾಗ ಕುಂಡ್ರಿಸಿ ನಿನ್ನ ಹಕ್ಕಿಗೆ ನೆಳ್ಳ ಮಾಡ್ಲೇನು?" ಎಂದ ಗುರಪ್ಪ.

ಚನಮಲ್ಲಪ್ಪ ನಕ್ಕ. "ಕಾಗೀನ್ನ ಕೇಳಿ ಅಡಗಿಗೆ ಉಪ್ಪು ಹಾಕ್ತಾಳೋ ಏನೋ, ವಿಚಾರಸು ಮಾರಾಯಾ."

ಅವಳು ಎರಡನೆಯ ಸಲ ನೀರಿಗೆ ಹೋಗಿ ಬರುವಷ್ಟರಲ್ಲಿ ಟೊಂಗೆ ನೆಲದ ಮೇಲಿತ್ತು. ಎಲೆ ತುಂಬಿದ ಟೊಂಗೆ ಅದೇ ಎಂದು ಅದನ್ನೇ ಮೊದಲು ಕಡಿದಿದ್ದರು. ಗೂಡಿನ, ಪುಕ್ಕ ಬಾರದ ಮೂರು ಮರಿಗಳಿಗೆ ಇರುವೆ ಮುತ್ತಿತ್ತು. ಕರಿ ಹಕ್ಕಿಗಳು ಸಂಜೆಯ ತನಕ ಗಿಡ ಸುತ್ತಿದವು. ಮರುದಿನ ಇರಲಿಲ್ಲ.

ಕುಬಸದ ದಿನ ಯಲ್ಲಕ್ಕ ಹೋಳಿಗೆ ಬೇಯಿಸುತ್ತಿದ್ದಾಗ ಗೊರವಂಕ ಹದ್ದಿನ ಕೂಗು ಕೂಗಿತು. ಅವಳು ಎದ್ದಳು. ಹಂದರದ ಕೆಳಗಿಂದ ಗುರಪ್ಪ ಬೀಗರಿಗೆಂದು ನೀರು ಕೇಳಿದ. ನೀರು ಕೊಟ್ಟು ಹಿತ್ತಲಿಗೆ ಹೋದಾಗ ತಾಯಿಕೋಳಿ ಕತ್ತು ನಿಗುರಿಸಿಕೊಂಡು ಒಂದೇ ಸಮ ಒದರುತ್ತಿತ್ತು. ಆ ದಿನ ಎರಡು ಹೋದವು. ಆಮೇಲೆ ಅವಳು ಹೊಲಕ್ಕೆ ಹೋದ ದಿನವೆಲ್ಲ ಒಂದೊಂದು. ಬುಟ್ಟಿ ಮುಚ್ಚಿ ಹೋದರೆ ಬಿಸಿಲಿಗೆ ಬಾಯಿ ಬಿಟ್ಟು ಸತ್ತವು. ಬಸುರಿ ಮಗಳು ಕೋಲು ಹಿಡಿದು ಕಾದಳು, ತಲೆ ತಿರುಗಿ ಬಿದ್ದ ಮೇಲೆ ಅದೂ ನಿಂತಿತು. ಕಾರಹುಣ್ಣಿಮೆಗೆ ಉಳಿದದ್ದು ಒಂದೇ ಒಂದು. ಅದನ್ನು ಯಲ್ಲಕ್ಕ ಕಾಲಿಗೆ ದಾರ ಕಟ್ಟಿ ಬೀಸುಕಲ್ಲಿನ ಪಕ್ಕದಲ್ಲೇ ಬೆಳೆಸಿದಳು.

ಮುಂದಿನ ತಿಂಗಳು ಅನಸವ್ವ ಹೆಣ್ಣು ಹೆತ್ತಳು. ಮಗಳಿಗೆ ಒಂದು ಹೊತ್ತಾದರೂ ಸಾರಾಗಲೆಂದು ಯಲ್ಲಕ್ಕ ಆ ಕೋಳಿಯ ದಾರ ಬಿಚ್ಚಿ ಕೊಯ್ಯುವ ದಿನ ನೋಡುತ್ತಿದ್ದಳು. ಹೆಸರಿಡಲು ಬೀಗರು ಬಂದರು, ಗುರಪ್ಪನೇ ಬಿಚ್ಚಿದ. ಬರೇ ಬ್ಯಾಳಿ ಸಾರು ಉಣಿಸಿ ಬೀಗರನ್ನು ಕಳಿಸಲಾಗದೆಂದ.

ಅವಳು ಅಡಿಗೆ ಮಾಡಿದಳು. ಆದರೆ ಆ ಮನೆಗೆ ಬಂದ ಮೇಲೆ ಮೊದಲ ಸಲ, ಗಂಡಸರಿಗೆ ಬಡಿಸುವ ಮುಂಚೆ ತುಂಡು ತುಂಬಿದ ಒಂದು ಬಟ್ಟಲನ್ನು ಸೆರಗಿನಡಿ ಹಿಡಿದು ಮಗಳ ಕೋಣೆಗೆ ಹೋದಳು. ಅನಸವ್ವ ಬಟ್ಟಲು ನೋಡಿದಳು, ಬಾಗಿಲು ನೋಡಿದಳು, ಕೈಯಿಂದ ಹಿಂದಕ್ಕೆ ತಳ್ಳಿದಳು.

"ಹಂಗ ಮಾಡಬಾರದ ಬೇ. ಮೊದಲ ಅವರು ಉಣ್ಲಿ. ಉಳದ್ರ ಕೊಡು. ನೀನ ಕಲಿಸೀದಿ."

ಯಲ್ಲಕ್ಕ ಬಟ್ಟಲನ್ನು ಅವಳ ತುಟಿಗೆ ಒತ್ತಿದಳು. ಮಗಳು ಹಲ್ಲು ಕಚ್ಚಿದಳು. ಸಾರು ಗದ್ದದ ಮೇಲಿಂದ ಕೂಸಿನ ಬಟ್ಟೆಗೆ ಹರಿಯಿತು. ಹೊರಗೆ ಗುರಪ್ಪ ಕರೆದ. ಅವಳು ಬಟ್ಟಲನ್ನು ಒಯ್ದು ಮತ್ತೆ ಸಾರಿನ ಗಡಿಗೆಗೆ ಸುರಿದಳು.

ಕೂಸು ಬದುಕಿದ್ದು ಐದೇ ವಾರ. ಮರುವರ್ಷ ಯುಗಾದಿಗೆ ಮೊದಲೇ ಯಲ್ಲಕ್ಕ ಬೇವಿನ ಬುಡದ ಸುತ್ತ ಜಾಲಿ ಮುಳ್ಳು ಕಟ್ಟಿದಳು. ಯಾಕೆಂದು ಗುರಪ್ಪ ಕೇಳಿದಾಗ ಇನ್ನೊಂದು ಮುಳ್ಳು ಎಳೆದು ಕಟ್ಟಿದಳು. ಗಿಡ ಚಿಗುರಿತು. ಕರ್ಯಾ ಬರಲಿಲ್ಲ.