ಆ ವಿಮಾನ ಸಿಕ್ಕಿದ ಮೇಲೆ

ಕುಂಜತ್ತೂರಿನಲ್ಲಿ ಪೈಲಟ್ ಯಾರು ಅಂತ ಕೇಳಿದರೆ ಮದ್ರಸಕ್ಕೆ ಹೋಗುವ ಮಕ್ಕಳೂ ಹೈವೇ ಪಕ್ಕದ ಬ್ಯಾಗಿನ ಅಂಗಡಿ ತೋರಿಸುತ್ತವೆ. ಅಲ್ಲಿ ಕೂತಿರುವ ಅಲಿಚ್ಚ ವಿಮಾನ ಹಾರಿಸುವುದು ಹೋಗಲಿ, ವಿಮಾನದ ಮೆಟ್ಟಿಲನ್ನೂ ತುಳಿದವನಲ್ಲ. ಅವನ ಕಸುಬು ಪೆಟ್ಟಿಗೆ ಕಟ್ಟುವುದು. ಗಲ್ಫಿಗೆ ಹೊರಟವರು ಹಪ್ಪಳ, ಒಣಮೀನು, ಉಪ್ಪಿನಕಾಯಿ, ತೆಂಗಿನೆಣ್ಣೆ ಎಲ್ಲವನ್ನೂ ರಟ್ಟಿನ ಪೆಟ್ಟಿಗೆಗೆ ತುಂಬಿ ತಂದರೆ ಅಲಿಚ್ಚ ಅದಕ್ಕೆ ಟೇಪು ಸುತ್ತಿ, ಪ್ಲಾಸ್ಟಿಕ್ ಹಗ್ಗ ಬಿಗಿದು, ಎತ್ತಲಿಕ್ಕೆ ಹಿಡಿ ಮಾಡಿ, ಎಲ್ಲ ಬದಿಗೂ ದಪ್ಪ ಮಾರ್ಕರಿನಲ್ಲಿ ಹೆಸರು ಬರೆದು ಕೊಡುತ್ತಾನೆ. ಅವನು ಬಿಗಿದ ಹಗ್ಗ ದುಬೈಯಲ್ಲಿ ಕತ್ತರಿಯಿಲ್ಲದೆ ಬಿಚ್ಚಿದ್ದಿಲ್ಲ. ಇದನ್ನು ಅವನ ಹೆಂಡತಿ ಜಮೀಲಾಳೂ ಒಪ್ಪುತ್ತಾಳೆ. ಕೈ ಕೆಲಸ ಮಾಡುವಾಗ ಬಾಯಿ ಸುಮ್ಮನಿದ್ದಿದ್ದರೆ ಅವಳು ಅವನನ್ನು ತಲೆ ಮೇಲೆ ಹೊತ್ತು ಮೆರೆಸುತ್ತಿದ್ದಳು.

ಬಾಯಿ ಸುಮ್ಮನಿರಬೇಕಲ್ಲ! ಹಗ್ಗದ ಮೊದಲ ಸುತ್ತು ಬೀಳುವಷ್ಟರಲ್ಲಿ ದೆಹಲಿಯಲ್ಲಿ ಯಾರ ಸರಕಾರ ಅಂತ ತೀರ್ಮಾನವಾಗುತ್ತದೆ. ಇನ್ನೊಂದು ಸುತ್ತಿಗೆ ಕ್ರಿಕೆಟ್ ತಂಡದಿಂದ ಯಾರನ್ನು ಕಿತ್ತು ಹಾಕಬೇಕು ಎಂಬುದು. ಗಂಟು ಬಿಗಿಯುವಾಗ, ಮಲಯಾಳಂ ಚಾನೆಲ್ಲಿನ ಹಾಡಿನ ಸ್ಪರ್ಧೆಯಲ್ಲಿ ಗೆದ್ದ ಹುಡುಗಿಗೆ ಶ್ರುತಿಯೇ ಇಲ್ಲವೆಂದೂ ತೀರ್ಪುಗಾರರಿಗೆ ಕಿವಿಯೇ ಇಲ್ಲವೆಂದೂ ಗಿರಾಕಿಗೆ ತಿಳಿಯುತ್ತದೆ. ಅಲಿಚ್ಚ ಹಾಡಿದ್ದನ್ನು ಜಮೀಲಾ ಒಂದೇ ಸಲ ಕೇಳಿದ್ದಾಳೆ, ಮದುವೆಯಾದ ಹೊಸತರಲ್ಲಿ. ಮರುದಿನ ಬೆಳಿಗ್ಗೆ ಪಕ್ಕದ ಮನೆಯವರು ಬಂದು ಯಾರಿಗೆ ಹುಷಾರಿಲ್ಲ ಅಂತ ವಿಚಾರಿಸಿದ್ದರು.

ಇರಲಿ. ಇದೆಲ್ಲ ಚಿಲ್ಲರೆ. ಅಲಿಚ್ಚನ ಅಸಲು ವಿಷಯ ವಿಮಾನ. ಹೆಸರು ಬರೆಯುವ ಮೊದಲು ಪ್ರತಿಯೊಬ್ಬ ಗಿರಾಕಿಗೂ ಒಂದು ಪ್ರಶ್ನೆ ಉಂಟು: "ಸೀಟು ಎಲ್ಲಿ?" ರೆಕ್ಕೆಯ ಹತ್ತಿರ ಅಂದರೆ ತಲೆ ಅಲ್ಲಾಡಿಸುತ್ತಾನೆ. ಮುಂದೆ ಅಂದರೆ ಮಾರ್ಕರು ಕೆಳಗಿಟ್ಟು ಉಸಿರು ಬಿಡುತ್ತಾನೆ. "ಹಿಂದೆ ತೆಕ್ಕೊ ಮಾರಾಯ. ಬಿದ್ದರೆ ಮೊದಲು ಮೂಗು ಬೀಳುವುದು. ಬಾಲಕ್ಕೆ ಎಂತ ಆಗುವುದಿಲ್ಲ." ಹೊಸ ಹೆಂಡತಿಯನ್ನು ಬಿಟ್ಟು ಹೊರಟ ಹುಡುಗ, ಮೊದಲೇ ಕಣ್ಣು ತುಂಬಿಕೊಂಡವನು, ಈ ಮೂಗು ಬಾಲಗಳ ಪಾಠ ಕೇಳಿ ಸುಣ್ಣದಷ್ಟು ಬಿಳಿಚಿ ಹೋಗುತ್ತಾನೆ. ಈ ವಿದ್ಯೆಯೆಲ್ಲ ಅಲಿಚ್ಚನಿಗೆ ಬಂದದ್ದು ಪಕ್ಕದಲ್ಲಿ ಟ್ರಾವೆಲ್ಸ್ ಇಟ್ಟಿರುವ ಬೆನ್ನಿಯ ಗೋಡೆಯಲ್ಲಿದ್ದು ಕೂತಲ್ಲಿಗೇ ಕಾಣುವ ಟಿ.ವಿ.ಯಿಂದ. ಮತ್ತೆ, ಊರಿನಿಂದ ಯಾರು ಹೊರಟರೂ ಕಳಿಸಲಿಕ್ಕೆ ಹೋಗುವ ವ್ಯಾನಿನಲ್ಲಿ ಅವನಿಗೊಂದು ಜಾಗ ಖಾಯಂ. ಬಜ್ಪೆಯ ವಿಮಾನ ನಿಲ್ದಾಣದ ಗಾಜಿನ ಬಾಗಿಲಿನವರೆಗೆ ಅವನಷ್ಟು ಸಲ ಹೋದವರು ಈ ಕಡೆಯಲ್ಲಿ ಇನ್ನೊಬ್ಬರಿಲ್ಲ. ಬಾಗಿಲಿನ ಒಳಗೆ ಮಾತ್ರ ಒಮ್ಮೆಯೂ ಕಾಲಿಟ್ಟಿಲ್ಲ.

2010ರ ಮೇ ತಿಂಗಳಲ್ಲಿ ಬಜ್ಪೆಯಲ್ಲಿ ವಿಮಾನ ಗುಡ್ಡದಿಂದ ಕೆಳಗೆ ಹೋದಾಗ ಈ ಕರಾವಳಿಯಲ್ಲಿ ಅಳದ ಊರಿರಲಿಲ್ಲ. ಅಲಿಚ್ಚನಲ್ಲಿ ವರ್ಷ ವರ್ಷ ಪೆಟ್ಟಿಗೆ ಕಟ್ಟಿಸುತ್ತಿದ್ದ ಒಬ್ಬ ಗಿರಾಕಿಯೂ ಅದರಲ್ಲಿ ಹೋದ. ಅಲಿಚ್ಚ, ಜಮೀಲಾ ಇಬ್ಬರೂ ಸಾವಿನ ಆ ಮನೆಗೆ ಹೋದರು. ಅಲ್ಲಿ ಜಗಲಿಯಲ್ಲಿ ಕೂತು ಅಲಿಚ್ಚ ರನ್‌ವೇ ಎಷ್ಟು ಉದ್ದ ಇರಬೇಕಿತ್ತು, ಚಕ್ರ ಎಲ್ಲಿ ಮುಟ್ಟಬೇಕಿತ್ತು, ಯಾವ ಸಾಲಿನವರು ಉಳಿಯಬಹುದಿತ್ತು ಅಂತ ನೆಲದ ಮೇಲೆ ಬೆರಳಿನಲ್ಲಿ ಗೆರೆ ಎಳೆದು ತೋರಿಸತೊಡಗಿದ. ಒಳಕೋಣೆಯ ಬಾಗಿಲು ತೆರೆದೇ ಇತ್ತು. ಗಂಡನನ್ನು ಕಳೆದುಕೊಂಡ ಹೆಂಗಸು ಜಮೀಲಾಳ ಪಕ್ಕದಲ್ಲಿ ಕೂತು ಒಂದೊಂದು ಮಾತನ್ನೂ ಕೇಳಿಸಿಕೊಳ್ಳುತ್ತಿದ್ದಳು. ಜಮೀಲಾಳಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಿದರೆ ಸಾಕು ಅನಿಸಿತು. ಎದ್ದು ಬಂದು ಗಂಡನ ಅಂಗಿಯ ತೋಳು ಹಿಡಿದು ಅಂಗಳಕ್ಕೆ ಎಳೆದಳು.

"ನಿಮಗೆ ಅಳಲಿಕ್ಕೆ ಬರುವುದಿಲ್ಲವಾ? ಬಾರದಿದ್ದರೆ ಬಾಯಿ ಮುಚ್ಚಿ ಕೂತುಕೊಳ್ಳಿ!"

ಅವಳ ಹಿಡಿತದಲ್ಲಿ ಅವನ ತೋಳು ನಡುಗುತ್ತಿತ್ತು. ಆ ಸಿಟ್ಟಿನಲ್ಲಿ ಅವಳು ಅದಕ್ಕೆ ಬೆಲೆ ಕೊಡಲಿಲ್ಲ.

ಅವರಿಗೆ ಒಬ್ಬಳೇ ಮಗಳು, ಶಿಬಿಲಾ. ಅವಳನ್ನು ಶಾರ್ಜಾದಲ್ಲಿ ಕೆಲಸದಲ್ಲಿರುವ ಬಾಸಿತ್‌ಗೆ ಕೊಟ್ಟಿದ್ದರು. ಅವನು ಒಳ್ಳೆಯ ಹುಡುಗ, ತಾಯಿ ಇಲ್ಲದವನು, ಮಾವ ಹೇಳಿದ್ದನ್ನೆಲ್ಲ ನಂಬುವವನು. ಆ ಕೊನೆಯ ಗುಣವೇ ಎಡವಟ್ಟಾದದ್ದು. ಚೊಚ್ಚಲ ಹೆರಿಗೆ ತಾಯಿಯ ಮನೆಯಲ್ಲಿ ಆಗಬೇಕು, ಅದು ಯಾವತ್ತಿನ ಕ್ರಮ. ಜಮೀಲಾ ಕೋಣೆಗೆ ಸುಣ್ಣ ಬಳಿಸಿ, ಲೇಹ್ಯಕ್ಕೆ ಬೇಕಾದ ಸಾಮಾನು ತರಿಸಿ, ಬಾಣಂತಿಯನ್ನು ಮೀಯಿಸುವ ಹೆಂಗಸಿಗೂ ಹೇಳಿ ಇಟ್ಟಿದ್ದಳು. ಶಿಬಿಲಾಳ ಡಾಕ್ಟರು ಏಳನೆಯ ತಿಂಗಳಲ್ಲಿ ಧೈರ್ಯವಾಗಿ ಹೋಗಿ ಬಾ ಅಂದಿದ್ದರು. ಆದರೆ ಡಾಕ್ಟರಿಗೆ ಏನು ಗೊತ್ತು? ಅಲಿಚ್ಚ ಫೋನಿನಲ್ಲಿ ಅಳಿಯನಿಗೆ ಗಾಳಿಯ ಒತ್ತಡ ವಿವರಿಸಿದ. ಅಷ್ಟು ಮೇಲೆ ಹೋದರೆ ಹೊಟ್ಟೆಯೊಳಗಿನ ಮಗುವಿನ ಕಿವಿಗೆ ಪೆಟ್ಟಾಗುತ್ತದೆ ಅಂದ. ಆಮೇಲೆ ಮಂಜು ಇಳಿಯಲಿ ಅಂದ, ಗಾಳಿ ತಣಿಯಲಿ ಅಂದ. ಹೀಗೆ ಮುಂದೆ ಹಾಕಿ ಹಾಕಿ, ತುಂಬುಗರ್ಭಿಣಿಯನ್ನು ಯಾವ ವಿಮಾನದವರೂ ಹತ್ತಿಸದ ಹೊತ್ತು ಬಂತು. ಜಮೀಲಾ ಆ ದಿನ ಗಂಡನಿಗೆ ಅನ್ನ ಬಡಿಸಿದ್ದು ತಟ್ಟೆ ಕುಕ್ಕಿ.

ಮಗಳು ಬರಲಾರಳು ಎಂದಾದರೆ ತಾಯಿ ಹೋಗಬೇಕು. ಬಾಸಿತ್ ಅತ್ತೆ ಮಾವ ಇಬ್ಬರಿಗೂ ವೀಸಾ ಕಳಿಸಿದ. ಬೆನ್ನಿ ಮಾರ್ಚ್ ತಿಂಗಳ ನಡುವೆ ಒಂದು ಶನಿವಾರಕ್ಕೆ ಎರಡು ಟಿಕೆಟು ಮಾಡಿಟ್ಟ. ಅಷ್ಟರಲ್ಲಿ, 2014ರ ಆ ಮಾರ್ಚಿನಲ್ಲೇ, ಮಲೇಷ್ಯಾದಿಂದ ಹೊರಟ ಒಂದು ವಿಮಾನ ಜನರ ಸಮೇತ ಮಾಯವಾಯಿತು.

ಲೋಕವೆಲ್ಲ ಅಯ್ಯೋ ಅಂದಿತು. ಅಲಿಚ್ಚನ ಅಂಗಡಿಯಲ್ಲಿ ಮಾತ್ರ ಹಬ್ಬ. ಬೆನ್ನಿಯ ಟಿ.ವಿ.ಯಲ್ಲಿ ಒಂದು ಚಾನೆಲ್ಲಿನವರು ಬೊಂಬೆ ವಿಮಾನವನ್ನು ನೀಲಿ ಸಮುದ್ರಕ್ಕೆ ಮತ್ತೆ ಮತ್ತೆ ಬೀಳಿಸಿದರೆ, ಇನ್ನೊಂದರಲ್ಲಿ ಟೈ ಕಟ್ಟಿದ ನಾಲ್ಕು ಜನ ಒಟ್ಟಿಗೇ ಬೊಬ್ಬೆ ಹಾಕುತ್ತಿದ್ದರು. ಅಲಿಚ್ಚ ಹೆಗಲ ಮೇಲೆ ಹಗ್ಗದ ಸುರುಳಿ ಹಾಕಿಕೊಂಡು ಎರಡೂ ಕಡೆಯವರನ್ನು ತಿದ್ದುತ್ತಿದ್ದ.

"ಸಮುದ್ರಕ್ಕೆ ಬಿದ್ದದ್ದಲ್ಲ ಅದು. ಬಿದ್ದಿದ್ದರೆ ಎಣ್ಣೆ ತೇಲಬೇಕಿತ್ತು. ಯಾವುದೋ ದ್ವೀಪದಲ್ಲಿ ಅಡಗಿಸಿ ಇಟ್ಟಿದ್ದಾರೆ."

"ಅಷ್ಟು ದೊಡ್ಡದನ್ನು ಅಡಗಿಸುವುದು ಹೇಗೆ ಅಲಿಚ್ಚ?" ಆಟೊದ ಹೊನ್ನಯ್ಯ ಕೇಳಿದ.

"ದೊಡ್ಡ ಟರ್ಪಾಲು ಹಾಕಿದರೆ ಆಯಿತು. ಮಳೆಗಾಲದಲ್ಲಿ ನಿನ್ನ ಆಟೊಕ್ಕೆ ನೀನು ಹಾಕುವುದಿಲ್ಲವಾ?"

ಹೊನ್ನಯ್ಯ ತನ್ನ ಆಟೊವನ್ನೊಮ್ಮೆ ನೋಡಿದ, ಟಿ.ವಿ.ಯ ವಿಮಾನವನ್ನೊಮ್ಮೆ ನೋಡಿದ.

ಇತ್ತ ಜಮೀಲಾಳ ಎದೆಯಲ್ಲಿ ಬೆಂಕಿ. ಬೆಳಿಗ್ಗೆ ಶಿಬಿಲಾ ಫೋನು ಮಾಡಿದ್ದಳು. ಕಾಲು ಬಾತಿದೆಯಂತೆ, ಹೆರಿಗೆ ಮುಂಚೆಯೇ ಆಗಬಹುದು ಅಂತ ಡಾಕ್ಟರು ಹೇಳಿದ್ದಾರಂತೆ. ಬಾಸಿತ್ ಕೆಲಸಕ್ಕೆ ಹೋದರೆ ಫ್ಲ್ಯಾಟಿನಲ್ಲಿ ಒಬ್ಬಳೇ. "ಉಮ್ಮ, ನೀವು ಬರ್ತೀರಲ್ಲ? ನೀವು ಬಂದರೆ ನನಗೆ ಹೆದರಿಕೆ ಇಲ್ಲ" ಅಂದಿದ್ದಳು. ಶನಿವಾರ ಬಂದೇ ಬರುತ್ತೇವೆ ಅಂತ ಜಮೀಲಾ ಮಾತು ಕೊಟ್ಟಿದ್ದಳು. ಒಬ್ಬರಿಗೆ ಎಷ್ಟು ಸಾಮಾನು ಬಿಡುತ್ತಾರೆ ಅಂತ ಕೇಳಲಿಕ್ಕೆ, ಅಲಿಚ್ಚನ ಪಾಠ ತಪ್ಪಿಸಲು ಅವನು ನಮಾಜಿಗೆ ಹೋದ ಹೊತ್ತು ನೋಡಿ ಬೆನ್ನಿಯ ಹತ್ತಿರ ಹೋದಳು.

ಬೆನ್ನಿ ತಲೆ ಕೆರೆದುಕೊಂಡ. "ಶನಿವಾರದ್ದು ಎಲ್ಲಿ ಉಂಟು ಜಮೀಲಾಕ್ಕ? ಅಲಿಚ್ಚ ಬಂದು ನಿಲ್ಲಿಸು ಅಂದ್ರಲ್ಲ. ಆ ವಿಮಾನ ಸಿಕ್ಕಿದ ಮೇಲೆ ಹೋಗುವುದಂತೆ."

"ಯಾವ ವಿಮಾನ?"

ಬೆನ್ನಿ ಗೋಡೆಯ ಟಿ.ವಿ. ಕಡೆ ಕೈ ತೋರಿಸಿದ. ಬೊಂಬೆ ವಿಮಾನ ಇನ್ನೊಮ್ಮೆ ಸಮುದ್ರಕ್ಕೆ ಬಿತ್ತು.

ಲೋಕದ ಹಡಗುಗಳೆಲ್ಲ ಸೇರಿ ಹುಡುಕುತ್ತಿರುವ ವಿಮಾನಕ್ಕೂ ಶಾರ್ಜಾದಲ್ಲಿ ಬಾತ ಕಾಲು ನೀಡಿ ಕೂತ ತನ್ನ ಮಗಳಿಗೂ ಈ ಮನುಷ್ಯ ಗಂಟು ಹಾಕಿದ್ದಾನೆ! ಅದೂ ಹೇಳದೆ ಕೇಳದೆ! ನಿನ್ನೆ ಮೀನು ತಿನ್ನುತ್ತಾ "ಹ್ಞಾಂ, ಶನಿವಾರ" ಅಂತ ತಲೆಯಾಡಿಸಿದ್ದ ಬಾಯಿಗೆ ಒಂದು ಮುಳ್ಳಾದರೂ ಚುಚ್ಚಬಾರದಿತ್ತೇ?

"ಬೆನ್ನಿ, ನಾಳೆಗೆ ಸೀಟು ಉಂಟಾ ನೋಡು. ಒಂದೇ. ನನಗೆ."

"ನೀವು ಒಬ್ಬರೇ ಹೋಗುವುದಾ?"

"ಓಡಿಸುವವನು ಇರ್ತಾನಲ್ಲ ಮಾರಾಯ. ನಾನು ಓಡಿಸಬೇಕಾ?"

ಬೆನ್ನಿ ನಗು ನುಂಗಿಕೊಂಡು ಕಂಪ್ಯೂಟರು ಕುಟ್ಟಿದ. ಸೀಟು ಇತ್ತು.

ಪೆಟ್ಟಿಗೆಯನ್ನು ಅವಳು ಮನೆಯಲ್ಲೇ ಕಟ್ಟಿಕೊಳ್ಳಬಹುದಿತ್ತು. ಇಷ್ಟು ವರ್ಷ ನೋಡಿದವಳಿಗೆ ಒಂದು ಹಗ್ಗ ಬಿಗಿಯಲು ಬಾರದೇ? ಆದರೆ ಮರುದಿನ ಬೆಳಿಗ್ಗೆ ಅವಳು ತುಂಬಿಸಿದ ಪೆಟ್ಟಿಗೆಯನ್ನು ಹೊನ್ನಯ್ಯನ ಆಟೊದಲ್ಲಿಟ್ಟು ನೇರ ಅಂಗಡಿಗೆ ಬಂದಳು, ಮೊದಲೇ ಬಂದವರ ಹಿಂದೆ ಸಾಲಿನಲ್ಲಿ ನಿಂತಳು. ಅಲಿಚ್ಚ ಉಪಗ್ರಹದ ಚಿತ್ರಗಳನ್ನು ಯಾಕೆ ನಂಬಬಾರದು ಅಂತ ಹೇಳುವುದರಲ್ಲಿ ಮುಳುಗಿದ್ದ. ಅವಳ ಸರದಿ ಬಂದಾಗ ತಲೆ ಎತ್ತದೆ ಪೆಟ್ಟಿಗೆಯ ಬಾಯಿ ಬಿಡಿಸಿದ.

"ಗಸಗಸೆ ಉಂಟಾ? ಇದ್ದರೆ ತೆಗಿ. ಅಲ್ಲಿ ಅದಕ್ಕೆ ಜೈಲು."

"ಇಲ್ಲ."

ಆ ಧ್ವನಿಗೆ ಅಲಿಚ್ಚನ ಕೈ ನಿಂತಿತು. ಪೆಟ್ಟಿಗೆಯೊಳಗೆ ಲೇಹ್ಯದ ಭರಣಿ, ಬಾಣಂತಿಯ ಎಣ್ಣೆ, ಅವುಗಳ ಸುತ್ತ ಒತ್ತಿ ಇಟ್ಟ ಮೆತ್ತಗಿನ ಬಿಳಿ ಬಟ್ಟೆ. ತಾನೇ ಉಟ್ಟು ಹಳತಾದ ಮುಂಡನ್ನು ಹರಿದು ಮಗುವಿಗೆ ಸುತ್ತಲು ತುಂಡು ಮಾಡಿದ್ದು ಅವನಿಗೆ ಗುರುತಾಯಿತು. ಅವನು ತಲೆ ಎತ್ತಿದ.

"ಎಂತ ಇದು?"

"ಪೆಟ್ಟಿಗೆ. ಕಟ್ಟಿ ಕೊಡಿ. ಮಧ್ಯಾಹ್ನಕ್ಕೆ ಬಜ್ಪೆಗೆ ಮುಟ್ಟಬೇಕು."

ಅಂಗಡಿಯಲ್ಲಿದ್ದವರೆಲ್ಲ ಟಿ.ವಿ. ಬಿಟ್ಟು ಅವಳ ಕಡೆ ತಿರುಗಿದರು. ಟಿ.ವಿ.ಯವರು ಕಿರುಚುತ್ತಲೇ ಇದ್ದರು. ಅಲಿಚ್ಚ ಟೇಪು ಸುತ್ತಿದ. ಹಗ್ಗ ಎಳೆದ. ದೆಹಲಿಯ ಸುದ್ದಿಯಿಲ್ಲ, ಕ್ರಿಕೆಟಿನ ಸುದ್ದಿಯಿಲ್ಲ. ಅವನು ಬಾಯಿ ಮುಚ್ಚಿಕೊಂಡು ಪೆಟ್ಟಿಗೆ ಕಟ್ಟಿದ್ದನ್ನು ಆ ಊರು ಕಂಡದ್ದು ಅದೇ ಮೊದಲು. ಹೊನ್ನಯ್ಯನಿಗೆ ತಡೆಯಲಾಗಲಿಲ್ಲ.

"ಸೀಟು ಎಲ್ಲಿ ಅಂತ ಕೇಳುವುದಿಲ್ಲವಾ ಅಲಿಚ್ಚ?"

"ರೆಕ್ಕೆಯ ಹತ್ತಿರ," ಜಮೀಲಾಳೇ ಹೇಳಿದಳು. "ಕಿಟಕಿ."

ಬಿಗಿಯುತ್ತಿದ್ದ ಗಂಟು ಜಾರಿತು. ಅಲಿಚ್ಚ ಇನ್ನೊಮ್ಮೆ ಹಾಕಿದ, ಅದೂ ಜಾರಿತು. ಅವನು ಹಗ್ಗದ ತುದಿ ಹಿಡಿದುಕೊಂಡೇ, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ:

"ನನಗೆ ಹೆದರಿಕೆ ಜಮೀಲಾ. ಆ ಮೇ ತಿಂಗಳಿನಿಂದಲೂ. ಮೊದಲೂ ಇತ್ತು."

ಅವಳಿಗೆ ಆ ಜಗಲಿ ನೆನಪಾಯಿತು, ತನ್ನ ಹಿಡಿತದಲ್ಲಿ ನಡುಗಿದ ತೋಳು ನೆನಪಾಯಿತು. ಪಾಪ ಅನಿಸಿತು. ಅದರ ಬೆನ್ನಿಗೇ ಸಿಟ್ಟೂ ಉಕ್ಕಿತು.

"ಹೆದರಿಕೆ ಅಂತ ಒಂದು ಸಲ ಹೇಳಿದ್ದರೆ ನಾನು ಕೈ ಹಿಡಿದು ಕೂತುಕೊಳ್ಳುತ್ತಿದ್ದೆ. ನೀವು ಒತ್ತಡ, ಕಿವಿ, ಮಂಜು ಅಂತ ಪಾಠ ಮಾಡಿ ಆ ಹುಡುಗಿಯನ್ನು ಅಲ್ಲಿಯೇ ಕೂರಿಸಿದಿರಿ. ಹೆದರಿಕೆ ನಿಮ್ಮದು, ಅನುಭವಿಸುವುದು ಅವಳು. ಈಗ ಹೆಸರು ಬರೆಯಿರಿ."

ಅಲಿಚ್ಚ ಬರೆದ. ಜಮೀಲಾ, ಕುಂಜತ್ತೂರು. ಎಲ್ಲ ಬದಿಗೂ ಬರೆದ. ಗಂಟನ್ನು ಎರಡೆರಡು ಸಲ ಎಳೆದು ನೋಡಿದ.

ವ್ಯಾನಿನಲ್ಲಿ ಅವನೂ ಹೋದ, ಗಾಜಿನ ಬಾಗಿಲಿನವರೆಗೆ. ಅಲ್ಲಿಯವರೆಗೆ ಹೋಗುವುದು ಅವನಿಗೆ ಚೆನ್ನಾಗಿ ಅಭ್ಯಾಸ ಉಂಟು. ಜಮೀಲಾ ಟ್ರಾಲಿ ತಳ್ಳಿಕೊಂಡು ಒಳಗೆ ಹೋಗುವಾಗ ಹಿಂದೆ ತಿರುಗಲಿಲ್ಲ, ತಿರುಗಿದರೆ ಅಳು ಬರುತ್ತದೆಂದು ಗೊತ್ತಿತ್ತು. ವಿಮಾನ ಏರುವಾಗ ದೇವರ ಹೆಸರೆತ್ತಿ ಬಿಸ್ಮಿ ಹೇಳಿ ಕಿಟಕಿಯ ಹೊರಗೆ ನೋಡಿದಳು. ರೆಕ್ಕೆ ಅದರ ಜಾಗದಲ್ಲಿತ್ತು. ಕೊಟ್ಟದ್ದನ್ನು ತಿಂದು ನಿದ್ದೆ ಹೋದಳು.

ಅವಳು ಮುಟ್ಟಿದ ನಾಲ್ಕನೆಯ ದಿನ ಶಿಬಿಲಾಳಿಗೆ ನೋವು ಶುರುವಾಯಿತು. ಹೆರಿಗೆ ಕಷ್ಟವೇ ಆಯಿತು. ಮಗಳು ಅವಳ ಕೈಯನ್ನು ಉಗುರು ನೆಡುವ ಹಾಗೆ ಹಿಡಿದುಕೊಂಡಿದ್ದಳು, ಬಿಡಲೇ ಇಲ್ಲ. ಆ ವಿಮಾನ ಸಿಗಲೆಂದು ಕಾದಿದ್ದರೆ ಈ ಕೈ ಯಾರದ್ದಿರುತ್ತಿತ್ತು ಅಂತ ನೆನೆದು ಜಮೀಲಾ ಆಸ್ಪತ್ರೆಯ ವರಾಂಡದಲ್ಲಿ ಒಬ್ಬಳೇ ನಿಂತು ಅತ್ತಳು. ಹೆಣ್ಣು ಮಗು. ದುಂಡಗೆ, ಕೆಂಪಗೆ, ಊರಿಗೇ ಕೇಳುವಂತೆ ಅಳುವ ಮಗು.

ಆಸ್ಪತ್ರೆಯಿಂದ ಫ್ಲ್ಯಾಟಿಗೆ ಬಂದ ಮೇಲೆ ಜಮೀಲಾ ಅಲಿಚ್ಚನಿಗೆ ಫೋನು ಹಚ್ಚಿದಳು.

"ಮೇಲೆ ಏರುವಾಗ ಎಂತಾದರೂ ಶಬ್ದ ಬಂತಾ?" ಅವನ ಮೊದಲ ಮಾತು ಅದು.

"ಬಂತು. ನನ್ನ ಗೊರಕೆ."

ಜಮೀಲಾ ಫೋನನ್ನು ಮಗುವಿನ ಹತ್ತಿರ ಹಿಡಿದಳು. ಮಗು ಬೊಬ್ಬೆ ಹಾಕಿತು. ಮತ್ತೆ ಕಿವಿಗಿಟ್ಟುಕೊಂಡಾಗ ಅಲಿಚ್ಚ ಮೂಗು ಎಳೆದುಕೊಳ್ಳುವುದು ಕೇಳಿಸಿತು. ಅವನಿಗೆ ಅಳಲಿಕ್ಕೆ ಬರುತ್ತದೆಂದು ಅವಳಿಗೆ ಗೊತ್ತಾದದ್ದು ಆ ದಿನ.

"ನನ್ನ ಹಾಗೆ ಉಂಟಾ?"

"ಬಾಯಿ ನಿಮ್ಮದೇ. ಮುಚ್ಚುವುದಿಲ್ಲ."

"ಕಿವಿ ಸರಿ ಉಂಟಲ್ಲ?"

"ಉಂಟು. ನಿಮ್ಮ ಪಾಠ ಇನ್ನೂ ಒಂದೂ ಬಿದ್ದಿಲ್ಲವಲ್ಲ ಅದಕ್ಕೆ."

ಅಲಿಚ್ಚ ನಕ್ಕ ಹಾಗೆ ಮಾಡಿದ, ನಗು ಅರ್ಧಕ್ಕೇ ನಿಂತಿತು. "ನಾನು ಯಾವಾಗ ನೋಡುವುದು ಜಮೀಲಾ?"

ಅವನ ಹಿಂದೆ ಬೆನ್ನಿಯ ಟಿ.ವಿ. ಕೂಗುತ್ತಲೇ ಇತ್ತು. ಈಗ ಚುನಾವಣೆಯ ಗಲಾಟೆ, ವಿಮಾನದ ಸುದ್ದಿ ನಡುನಡುವೆ ಮಾತ್ರ. ಬನ್ನಿ ಅನ್ನುವ ಮಾತು ಜಮೀಲಾಳ ನಾಲಗೆಯ ತುದಿಯವರೆಗೆ ಬಂತು. ಆದರೆ ಉಗುರು ನೆಟ್ಟ ಗಾಯ ಅವಳ ಕೈಯಲ್ಲಿ ಇನ್ನೂ ಮಾಸಿರಲಿಲ್ಲ.

"ಆ ವಿಮಾನ ಸಿಕ್ಕಿತಾ?"

"ಇಲ್ಲ."

"ಹಾಗಾದರೆ ಸಿಕ್ಕಿದ ಮೇಲೆ ಬನ್ನಿ," ಅಂದು ಜಮೀಲಾ ಫೋನಿಟ್ಟು ಮಗುವನ್ನು ಮೀಯಿಸಲು ಎದ್ದಳು.