ಪ್ಲೇಯರ್ ಆರಿಸಿದ ಕಿವಿ

ವೈಫೈನಲ್ಲಿ ಹಾಡು ನುಡಿಸುವ ಪ್ಲೇಯರ್ ಕೊಳ್ಳಲು ನಾನು ತಿಂಗಳಿಡೀ ಓದಿಕೊಂಡು ಹೋಗಿದ್ದೆ. ಸಿದ್ಧಾರ್ಥನಗರದ ಅಂಗಡಿಯಲ್ಲಿ ಸೋಫಾದ ನಟ್ಟನಡುವೆ ಕೂತು, ಕಣ್ಣು ಮುಚ್ಚಿ, ದೊಡ್ಡದೊಂದು ಚಿಕ್ಕದೊಂದು, ಎರಡು ಪ್ಲೇಯರ್‌ಗಳಲ್ಲೂ ಒಂದೇ ವೀಣಾವಾದನ ಹಾಕಿಸಿ ಕೇಳಿದೆ. ದೊಡ್ಡದೇ ಸರಿ ಎನಿಸಿತು. ಕಣ್ಣು ಬಿಟ್ಟರೆ ಪಕ್ಕದಲ್ಲಿ ಹೆಂಡತಿಯಿಲ್ಲ. ಗಾಜಿನ ಬಾಗಿಲು ತೆರೆದಿಟ್ಟು, ಹೊರಗಿನ ಮೆಟ್ಟಿಲ ಮೇಲೆ ರಸ್ತೆಗೆ ಮುಖ ಮಾಡಿ ನಿಂತಿದ್ದಳು.

"ಅಲ್ಲೇನ್ ಮಾಡ್ತಿದ್ದೀಯ?" ಎಂದು ರೇಗಿದೆ.

"ಕೇಳ್ತಿದ್ದೀನಿ. ಚಿಕ್ಕದನ್ನೇ ತಗೊಳ್ಳಿ. ದೊಡ್ಡದು ಇಲ್ಲಿಗೆ ಬರೀ ಗುಂಯ್ ಅನ್ನುತ್ತೆ ಕಣ್ರೀ. ಚಿಕ್ಕದರಲ್ಲಿ ತಂತಿ ಎಳೆದಿದ್ದೂ ಕೇಳಿಸುತ್ತೆ."

"ಇದನ್ನ ಎದುರಿಗೆ ಕೂತು ಕೇಳ್ಬೇಕು."

"ಮನೇಲಿ ನಾನು ಯಾವತ್ತು ಎದುರಿಗೆ ಕೂತು ಹಾಡು ಕೇಳಿದ್ದೀನಿ ಹೇಳಿ?"

ಚಿಕ್ಕದನ್ನೇ ತಂದೆವು. ಸಂಜೆ ಅದನ್ನು ಹಾಲ್‌ನಲ್ಲಿ ಹಾಕಿಟ್ಟು, ನಾನು ಅಡುಗೆಮನೆಗೆ ಕುರ್ಚಿ ಎಳೆದುಕೊಂಡು ಹೋಗಿ ಕೂತೆ. ಒಗ್ಗರಣೆಯ ಚಟಪಟದ ನಡುವೆಯೂ ಒಂದೊಂದು ಗಮಕ ನಿಚ್ಚಳವಾಗಿ ಬಂತು. ಕಿವಿಯೆಂದರೆ ಅವಳದೇ ಕಿವಿ! ತಿರುಗಿ ನೋಡಿದರೆ, ಅವಳ ಸೌಟು ಬಾಣಲೆಯ ಅಂಚಿನ ಮೇಲೆ ಮೆಲ್ಲಗೆ ತಾಳ ಹಾಕುತ್ತಿತ್ತು. ಇಷ್ಟು ವರ್ಷ ಒಟ್ಟಿಗೆ ಸಂಗೀತ ಕೇಳಿದ್ದೇವೆಂದುಕೊಂಡಿದ್ದೆ. ಅವಳ ತಾಳ ಕಂಡಿದ್ದು ಅವತ್ತೇ ಮೊದಲು.